ಹಗೇವಿನೊಳಗಿನ ಶಾರ್ಡೊನೆ

ಸಂತೆಕಲ್ಲೂರಿನ ಮುದುಕಪ್ಪನಷ್ಟು ಗೊಂದಲದ ಮನುಷ್ಯ ಮಸ್ಕಿ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಊರೆಲ್ಲ ಜೋಳ ಬಿತ್ತಿದರೆ ಇವನು ಬಾವಿ ನೀರು ಹಾಯಿಸಿ ದ್ರಾಕ್ಷಿ ಬೆಳೆದ. ಅದೂ ತಿನ್ನುವ ದ್ರಾಕ್ಷಿಯಲ್ಲ, ಬಿಳಿ ವೈನಿಗೆಂದೇ ಬೆಳೆಯುವ ಶಾರ್ಡೊನೆ. ಗಂಡಹೆಂಡಿರೇ ಕಿತ್ತು, ಹಿಂಡಿ, ಪೀಪಾಯಿಗೆ ತುಂಬುತ್ತಿದ್ದರು. ಅದನ್ನಿಡಲು ತಂಪು ಜಾಗವೆಂದರೆ ಅಂಗಳದ ಹಗೇವು, ಅಜ್ಜ ಜೋಳ ತುಂಬಿಡುತ್ತಿದ್ದ ನೆಲದಡಿಯ ಗುಂಡಿ. ಇಷ್ಟೆಲ್ಲ ಮಾಡುವ ಮಹಾರಾಯ ತನ್ನ ವೈನನ್ನು ಒಮ್ಮೆಯೂ ಬಾಯಿಗೆ ಹಾಕಿರಲಿಲ್ಲ!

ಕಾರಣ ಹಳೆಯದು. ಹರೆಯದಲ್ಲಿ ಅವನು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ. ಪಾಳಿ ಮುಗಿದರೆ ಸೇಂದಿ ಅಂಗಡಿಯೇ ಮನೆ. ಹೆಂಡತಿ ಅಮರಮ್ಮ ಅತ್ತು ಅತ್ತು ಸಾಕಾಗಿ, ಎಂಬತ್ತೈದನೇ ಇಸವಿಯಲ್ಲಿ ಅವನನ್ನು ಗುರುಗುಂಟಕ್ಕೆ ಎಳೆದೊಯ್ದು ಅಮರೇಶ್ವರನ ಮುಂದೆ ಆಣೆ ಹಾಕಿಸಿದಳು. ಅಮಲಿನ ಹನಿ ನಾಲಿಗೆಗೆ ಸೋಕಬಾರದು. ಮುದುಕಪ್ಪ ಗಣಿ ಬಿಟ್ಟ, ಸೇಂದಿ ಬಿಟ್ಟ, ಆಣೆ ಮಾತ್ರ ಬಿಡಲಿಲ್ಲ. ಮುಂದೆ ಹೈದರಾಬಾದಿನ ವ್ಯಾಪಾರಿ ಅಮೀನ್‌ಸಾಬ್ ಈ ಬಳ್ಳಿ ತಂದುಕೊಟ್ಟಾಗ, "ಮಾರಾದು ಬ್ಯಾರೆ, ಕುಡಿಯಾದು ಬ್ಯಾರೆ" ಎಂದು ಅಮರಮ್ಮನೇ ತೀರ್ಪು ಕೊಟ್ಟಳು.

ತೊಂಬತ್ತೈದರ ಮೊದಲ ವೈನು ಹುಳಿ ನಾತ ಹೊಡೆಯಿತು. ಕೆಟ್ಟಿತೆಂದು ಮುದುಕಪ್ಪ ಹುಣಸೆ ಮರದ ಬುಡಕ್ಕೆ ಸುರಿದ. ಅಮೀನ್‌ಸಾಬ್ ಹಣೆ ಹಣೆ ಬಡಿದುಕೊಂಡ. "ಅರೇ, ಆ ಹುಳೀನ ಇದರ ಜಾನ್ ರೀ!" ಮರುವರ್ಷವೂ ಹುಳಿ ಬಂತು, ಮುದುಕಪ್ಪ ಚೆಲ್ಲದೆ ಜೋಪಾನ ಮಾಡಿದ. ಆದರೆ ಅದು ನಿಜವಾಗಿಯೂ ಕೆಟ್ಟಿತ್ತು. ಮೂರನೆಯ ವರ್ಷ ಎರಡು ಪೀಪಾಯಿ, ಎರಡರದೂ ಹುಳಿ ವಾಸನೆ. ಅಮೀನ್‌ಸಾಬ್ ಹೇಳಿ ಕಳಿಸಿದ್ದ: "ಚಲೋದಷ್ಟ ಬಾಟ್ಲಿಗೆ ತುಂಬ್ರಿ, ನಾಳೆ ಬರ್ತೀನಿ. ಈ ಸಲಾನೂ ಕೆಟ್ರ ಮತ್ತ ಈ ಕಡೆ ಬರಂಗಿಲ್ಲ."

ಅವನು ಬಾರದಿದ್ದರೆ ತೋಟ ಕಿತ್ತಂತೆಯೇ. ಮುದುಕಪ್ಪ ಎರಡು ಲೋಟ ಮುಂದಿಟ್ಟುಕೊಂಡು ಮೂಸಿದ, ಮತ್ತೆ ಮೂಸಿದ, ತಲೆಬುಡ ತಿಳಿಯಲಿಲ್ಲ. ಕುಡಿಯುವುದರಲ್ಲಿ ಪಳಗಿದ ಪಕ್ಕದ ಮನೆ ಆದೆಪ್ಪನನ್ನು ಕರೆದ. ಆದೆಪ್ಪ ಎರಡನ್ನೂ ಗಟಗಟ ಇಳಿಸಿ, "ನಶಾನ ಇಲ್ಲಲೇ, ಎರಡೂ ಚೆಲ್ಲು" ಎಂದು ಮೀಸೆ ಒರೆಸಿಕೊಂಡು ಹೋದ.

ಮುದುಕಪ್ಪ ಮತ್ತೆ ಲೋಟ ತುಂಬಿ ತಂದ. ಬಾಯಿಗೆ ಹಾಕಿ ಉಗುಳಿದರೆ ಆಣೆ ಉಳಿದೀತೇ? ನಾಲಿಗೆಗಂತೂ ಸೋಕುತ್ತದಲ್ಲ! ಅತ್ತ ದರಿ, ಇತ್ತ ಪುಲಿ. ಅವನಿಗೆ ಅಳುವೇ ಬಂತು.

ಮಜ್ಜಿಗೆ ಕಡೆಯುತ್ತಿದ್ದ ಅಮರಮ್ಮ ಎದ್ದು ಬಂದಳು. "ಆಣಿ ನಿಂದು, ನಂದಲ್ಲ. ಕೊಡಿಲ್ಲಿ."

ಮೊದಲನೆಯದನ್ನು ಬಾಯಿಗೆ ಹಾಕಿದವಳೇ ಥೂ ಎಂದು ಉಗುಳಿದಳು. "ಕೆಟ್ಟೈತಿ. ಗಂಟಲಾ ಸುಡತೈತಿ." ಎರಡನೆಯದನ್ನು ಗುಟುಕರಿಸಿದಳು. ಇನ್ನೊಂದು ಗುಟುಕು ಕುಡಿದಳು. "ಹುಳಿ ಐತಿ, ಆದ್ರ ಹದಾ ಐತಿ, ಹೊಸಾ ಮಜ್ಜಿಗಿಯಂಗ. ತುಂಬು ಇದನ್ನ."

ಮುದುಕಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಅಮರಮ್ಮ ಲೋಟ ಕೆಳಗಿಡಲಿಲ್ಲ. ಅದರೊಳಗೇ ನೋಡುತ್ತ ನಿಂತಿದ್ದಳು.

"ಇಷ್ಟ ಏನು ಇದು?" ಎಂದಳು. "ಇಷ್ಟಕ್ಕ ಅಷ್ಟು ವರ್ಷ ನನ್ನ ಅಳಿಸಿದೇನು?"

"ಅದು ಸೇಂದಿ ಬೇ, ಇದು..." ಎಂದು ಮುದುಕಪ್ಪ ಶುರುಮಾಡಿದ. ತಲೆ ತಗ್ಗಿಸಿ ಬಾಟಲಿ ತೊಳೆಯಲು ಕುಳಿತ.