ಅರ್ಧ ಟ್ಯಾಂಕಿನ ಸುಳ್ಳು

ಅಲ್ ಕುಸೈಸಿನ ಗೋದಾಮುಗಳ ಹಿಂದೆ ಗ್ಯಾರೇಜ್ ಇಟ್ಟಿದ್ದ ಬ್ಯಾರಿ ಮೆಕ್ಯಾನಿಕ್ ಒಬ್ಬರಿದ್ರು. ನಾವೆಲ್ಲ ಕಾಕಾ ಅಂತಿದ್ವಿ. ಪೆಟ್ರೋಲ್ ಮೀಟರ್ ಕೆಟ್ಟಿದೆ ಅಂತ ಯಾರು ಬಂದ್ರೂ ಮೊದ್ಲು ಟ್ಯಾಂಕಿಗೆ ಬೆರಳ ಗೆಣ್ಣಿಂದ ತಟ್ಟಿ, ತಲೆ ಓರೆ ಮಾಡಿ ಕೇಳೋರು. ಆಮೇಲೆ ಒಂದೇ ಮಾತು, "ಯಾರು ಸುಳ್ಳು ಹೇಳ್ತಾರೆ ನೋಡುವ."

ನನ್ನ ಹಳೇ ಅಮೆರಿಕನ್ ಪಿಕಪ್ ಅರ್ಧ ಟ್ಯಾಂಕ್ ತೋರಿಸ್ತಾನೇ ಎರಡು ಸಲ ಹೈವೇಲಿ ನಿಂತಿತ್ತು. ಮರುದಿನ ಅಕ್ಕನನ್ನೂ ಅವಳ ಪುಟ್ಟ ಮಗುವನ್ನೂ ಕೂರಿಸ್ಕೊಂಡು ಮರಳುಗಾಡಿನ ಹೈವೇಲಿ ಒಂದೂವರೆ ಗಂಟೆ ದೂರದ ಖಲೀಫಾ ಸಿಟಿಗೆ ಹೋಗ್ಬೇಕಿತ್ತು, ಈ ಬಿಸಿಲಲ್ಲಿ. ನಾನು ವಿಡಿಯೋ ನೋಡಿ ನೋಡಿ ಮೀಟರೇ ಹೋಗಿದೆ ಅಂತ ತೀರ್ಮಾನಿಸಿ, ಹೊಸದು ತಗೊಂಡೇ ಹೋಗಿದ್ದೆ.

ಕಾಕಾ ಅದನ್ನ ಮುಟ್ಟಲೂ ಇಲ್ಲ. ಟ್ಯಾಂಕ್ ತಟ್ಟಿದ್ರು. ಕೆಳಗೆ ಮಲಗಿ, ಟ್ಯಾಂಕಿಂದ ಮೀಟರಿಗೆ ಹೋಗೋ ವೈರ್ ಬಿಚ್ಚಿ, ನನ್ನ ಹತ್ರ ಕೀ ಆನ್ ಮಾಡಿಸಿದ್ರು. ವೈರನ್ನ ಗಾಡಿಯ ಕಬ್ಬಿಣಕ್ಕೆ ಮುಟ್ಟಿಸಿದ್ರೆ ಮುಳ್ಳು ಖಾಲಿಗೆ ಬಿತ್ತು, ತೆಗೆದ್ರೆ ಫುಲ್ಲಿಗೆ ಹೋಯ್ತು.

"ಮೀಟರ್ ಪಾಪ, ವೈರಲ್ಲಿ ಕೇಳಿದ್ದನ್ನೇ ಹೇಳ್ತಾ ಉಂಟು ಮೋನೆ," ಅಂದ್ರು ಕೆಳಗಿಂದ, ಮಗನಿಗೆ ಹೇಳೋ ಹಾಗೆ. "ಹೊಸದನ್ನು ವಾಪಸ್ ಕೊಡು."

ತಪ್ಪು ಇದ್ದದ್ದು ಟ್ಯಾಂಕನ್ನ ಗಾಡಿಯ ಕಬ್ಬಿಣಕ್ಕೆ ಸೇರಿಸೋ ಅರ್ಥ್ ವೈರಲ್ಲಿ. ಅದರ ಬೋಲ್ಟ್ ಪೂರ್ತಿ ತುಕ್ಕು ಹಿಡಿದಿತ್ತು. ಸ್ಯಾಂಡ್ ಪೇಪರಲ್ಲಿ ಉಜ್ಜಿ, ಬಿಗಿ ಮಾಡಿ, ಎಲ್ಲ ವೈರ್ ಜೋಡಿಸಿದ್ರು. ಕೀ ತಿರುಗಿಸಿದೆ. ಮುಳ್ಳು ಖಾಲಿಯ ಹತ್ರ ನಿಂತುಬಿಡ್ತು.

"ಕಾಕಾ, ಇನ್ನೂ ಸರಿಯಾಗಿಲ್ಲ. ಅರ್ಧ ಟ್ಯಾಂಕ್ ಉಂಟಲ್ಲ?"

ಅವರು ಎದ್ದು ಬಂದು, ನನ್ನನ್ನ ಕೆಳಗಿಳಿಸಿ ಬಗ್ಗಿಸಿ, ಕೈ ಹಿಡಿದು, ನನ್ನ ಗೆಣ್ಣಲ್ಲೇ ಟ್ಯಾಂಕ್ ತಟ್ಟಿಸಿದ್ರು. ಮೇಲೆಲ್ಲ ಟೊಳ್ಳು ಸದ್ದು. ತೀರಾ ತಳದಲ್ಲಿ, ಪೆಟ್ರೋಲ್ ಇದ್ದಲ್ಲಿ ಮಾತ್ರ, ಗಟ್ಟಿ ಸದ್ದು.

"ಈಗ ಸುಳ್ಳು ಹೇಳುವುದು ನೀನೊಬ್ಬನೇ ಮಾರಾಯ. ಯಲ್ಲಾ, ನಡಿ, ಪೆಟ್ರೋಲ್ ಪಂಪಿಗೆ ಹೋಗು."