ಬಳುಕದ ಅಂಕಿಗಳು

ಬೆಳಗಿನ ಆರು ಗಂಟೆ. ಮೈದಾನದ ಹುಲ್ಲು ಇನ್ನೂ ಒದ್ದೆ. ಗೋಲುಕಂಬಗಳ ನಡುವೆ ಹಗ್ಗ ಬಿಗಿದು, ಎರಡು ಕೆಂಪು ಜೆರ್ಸಿಗಳನ್ನು ಬೆನ್ನು ಕಾಣುವ ಹಾಗೆ ನೇತುಹಾಕುತ್ತಾಳೆ ದರ್ಜಿ. ಮೈದಾನದ ಆಚೆ ತುದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಅವಳ ಅತ್ತೆ ಕೂತಿದ್ದಾರೆ, ಯಾವುದೋ ರಾಜ್ಯದ ಗಡಿ ಕಾಯುವವರ ಹಾಗೆ.

"ಅತ್ತೇ, ಎಡಗಡೆದು ಎಷ್ಟು?"

"ಎಂಟು!"

"ಬಲಗಡೆದು?"

"ಅದೂ ಎಂಟೇ!"

ಬಲಗಡೆಯದು ಆರು. ಸೊಸೆ ತಲೆಯಾಡಿಸಿದ್ದು ಅಷ್ಟು ದೂರಕ್ಕೂ ಕಂಡಿರಬೇಕು. "ನನ್ನ ಕಣ್ಣು ನೆಟ್ಟಗಿದೆ ಕಣೇ! ನಿನ್ನ ಕತ್ತರಿಗೆ ಕನ್ನಡಕ ಹಾಕ್ಸು!"

ಹತ್ತೊಂಬತ್ತು ವರ್ಷಗಳಿಂದ ಊರಿನ ಹನ್ನೊಂದು ಫುಟ್ಬಾಲ್ ತಂಡಗಳ ಬೆನ್ನಿನ ಮೇಲಿರುವುದು ಇವಳು ಬಟ್ಟೆಯಲ್ಲಿ ಕತ್ತರಿಸಿದ ಅಂಕಿ, ಇವಳು ಕತ್ತರಿಸಿದ ಹೆಸರು. ದಿನಕ್ಕೆ ನಲವತ್ತು ಅಂಕಿ, ಹತ್ತು-ಹನ್ನೆರಡು ಹೆಸರು. ಒಂದರಲ್ಲೂ ಬಳುಕಿಲ್ಲ, ಬಾಲವಿಲ್ಲ. ಸೊನ್ನೆಗೂ ಎಂಟು ಮೂಲೆ. ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಏಳು. ಅದರಾಚೆ ಯಾವ ಅಕ್ಷರವೂ ಕಾಲು ಚಾಚುವಂತಿಲ್ಲ. ಗೆರೆಯೆಲ್ಲ ಒಂದೇ ದಪ್ಪ, ತಿರುವು ಬಂದಲ್ಲಿ ಓರೆಯಾಗಿ ಒಂದೇ ಕತ್ತರಿ.

"ಗುಂಡಗೆ ಕತ್ತರಿಸಿದ್ರೆ ನಾಲ್ಕು ಒಗೆತಕ್ಕೆ ಅಂಚು ಎದ್ದು ಬರತ್ತೆ. ನೇರ ಅಂಚು ಹೇಳಿದ ಮಾತು ಕೇಳತ್ತೆ" ಎನ್ನುತ್ತಾಳೆ. ಇವಳು ರಟ್ಟಿನಲ್ಲಿ ಕೊರೆದಿಟ್ಟ ಪಡಿಯಚ್ಚು ಒಯ್ದವರು ಈಜುಕೊಳದ ಗೋಡೆಗೆ ಆಳದ ಗುರುತು ಬರೆಸಿದ್ದಾರೆ, ಶಾಲೆಯ ಬಸ್ಸುಗಳಿಗೆ ನಂಬರು ಹಾಕಿಸಿದ್ದಾರೆ. ಬರೆದವರು ಯಾರೆಂದು ಕೇಳಿದವರಿಲ್ಲ.

ಕೇಳುವ ಹಾಗಾಗಿದ್ದು ಕಳೆದ ತಿಂಗಳು. ಹುಡುಗಿಯರ ಸೆಮಿಫೈನಲ್‌ನಲ್ಲಿ ಎದುರಾಳಿಯ ಕಾಲಿಗೆ ಒದ್ದವಳು ಆರನೇ ನಂಬರಿನವಳು. ದೂರದಲ್ಲಿದ್ದ ರೆಫರಿ ಕೆಂಪು ಕಾರ್ಡು ತೋರಿಸಿದ್ದು ಎಂಟಕ್ಕೆ. ಎಂಟರ ಹುಡುಗಿಗೆ ಫೈನಲ್ಲೂ ತಪ್ಪಿತು. ಇನ್ನು ಆ ನಂಬರು ಮುಟ್ಟುವುದಿಲ್ಲವೆಂದು ಹಟ ಹಿಡಿದಳು. ಹೊಸ ಜೆರ್ಸಿಯಲ್ಲೂ ಹೀಗಾದರೆ ಕೆಲಸ ಮೆಷಿನ್‌ನಲ್ಲಿ ಅಂಕಿ ಕತ್ತರಿಸುವ ಅಂಗಡಿಗೆ ಹೋಗುತ್ತದೆಂದು ಕೋಚ್ ಹೇಳಿಬಿಟ್ಟರು.

"ಕೋಚ್ ಬೈದಿದ್ದು ಬಿಡಿ. ಆ ಮಗು ಏನೂ ಮಾಡಿರ್ಲಿಲ್ಲ. ನನ್ನ ಕೈಯ ತಪ್ಪು ಅವಳ ತಲೆಗೆ ಬಂತು" ಎನ್ನುತ್ತಾಳೆ ದರ್ಜಿ.

ಅವಳ ಆರಕ್ಕೂ ಎಂಟಕ್ಕೂ ಇದ್ದ ವ್ಯತ್ಯಾಸ ಬಲ ಭುಜದಲ್ಲೊಂದು ಬೆರಳಗಲದ ಕಂಡಿ, ಅಷ್ಟೇ. ದೂರ ಹೋದಂತೆ ಅದು ಮುಚ್ಚಿಹೋಗುತ್ತದೆ. ಮೂರು ದಿನ ಕೂತು ಆರರ ಆ ಭುಜವನ್ನೇ ಕತ್ತರಿಸಿ ತೆಗೆಯುತ್ತಾಳೆ. ಎಂಟರ ನಡುವಿಗೆ ಎರಡೂ ಕಡೆಯಿಂದ ಮುಕ್ಕೋನದ ಕಚ್ಚು ಹಾಕುತ್ತಾಳೆ.

ನಾಲ್ಕನೆಯ ಬೆಳಿಗ್ಗೆ ಅತ್ತೆ ಕೂಗುತ್ತಾರೆ: "ಒಂದು ಆರು! ಇನ್ನೊಂದು ಎಂಟು, ಸೊಂಟ ಬಿಗಿದು ನಿಂತಿದೆ ನೋಡು, ಜಗಳಕ್ಕೆ!"

ಸೊಸೆಗೆ ಸಮಾಧಾನವಿಲ್ಲ. "ಇವರಿಗೆ ಉತ್ತರ ಬಾಯಿಪಾಠ ಆಗಿಹೋಗಿದೆ."

ಅಷ್ಟರಲ್ಲಿ ಕೋಚ್ ಬರುತ್ತಾರೆ, ಜೊತೆಗೆ ಆ ಎಂಟರ ಹುಡುಗಿ. ಮೈದಾನದ ಆ ತುದಿಗೆ ಹೋಗಿ ಹುಡುಗಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ದರ್ಜಿ ಜೆರ್ಸಿಗಳನ್ನು ಅದಲುಬದಲು ಮಾಡುತ್ತಾಳೆ, ಮತ್ತೆ ಮಾಡುತ್ತಾಳೆ. "ನೀನೇ ಓದು" ಎನ್ನುತ್ತಾರೆ ಕೋಚ್. ಹುಡುಗಿ ತಿರುಗಿ, ತಡೆಯದೆ ಓದುತ್ತಾಳೆ. ಮೂರು ಸಲ. ಮೂರೂ ಸರಿ.

ಆಮೇಲೆ ಹಗ್ಗದ ತನಕ ನಡೆದುಬಂದು ಎಂಟನ್ನು ಬೆರಳಿನಿಂದ ಮುಟ್ಟಿ, "ಆಂಟಿ, ಇದು ನನಗೇ ಇರ್ಲಿ" ಎನ್ನುತ್ತಾಳೆ.

ದರ್ಜಿ ಆ ಜೆರ್ಸಿಯನ್ನು ಮಡಚಿ ಚೀಲಕ್ಕೆ ಹಾಕುತ್ತಾಳೆ. ಮನೆಯ ದಾರಿಯಲ್ಲಿ ಅತ್ತೆಯೇ ಕೇಳುತ್ತಾರೆ, ಅಲ್ಲೇ ಕೊಡಬಾರದಿತ್ತೇನೆ ಎಂದು.

"ಕೊಡ್ತೀನಿ ಅತ್ತೆ. ಅಂಚಿಗೆ ಇನ್ನೊಂದು ಸುತ್ತು ಹೊಲಿಗೆ ಹಾಕ್ತೀನಿ. ಅವಳು ಆಡೋಷ್ಟು ದಿನ ಇರ್ಬೇಕಲ್ಲ."