ಬೀಳಿಸಿ ಮಾರಿದ ಬೀರು

ಈಗ ನಮ್ಮ ಕಬ್ಬಿಣದ ಬೀರು ಬೇಕೆಂದರೆ ಶಿವಮೊಗ್ಗದ ಎಂಥ ದೊಡ್ಡ ಮನುಷ್ಯರೂ ಎರಡು ತಿಂಗಳು ಕಾಯಬೇಕು. ಕಾಯಿಸುವುದರಲ್ಲಿ ಈ ವಯಸ್ಸಿನಲ್ಲೂ ನನಗೊಂದು ಖುಷಿ. ತೊಂಬತ್ತರ ದಶಕದಲ್ಲಿ ಮಾತ್ರ ಭದ್ರಾವತಿ ನ್ಯೂ ಟೌನ್ ಹತ್ತಿರದ ನಮ್ಮ ಶೆಡ್ಡಿನಲ್ಲಿ ಅಪ್ಪ, ನಾನು ಇಬ್ಬರೂ ನೊಣ ಹೊಡೆಯುತ್ತಿದ್ದೆವು. ಹೊರಗಿನಿಂದ ಬರುವ ತೆಳು ತಗಡಿನ ಬೀರುಗಳು ಅರ್ಧ ಬೆಲೆಗೆ ಸಿಗುತ್ತಿದ್ದವು.

"ಆಲ್ಕೊಳದ ಮದ್ವೆ ಆರ್ಡರ್ ಒಂದೈತೆ. ಅದು ಮುಗಿಸಿ ಶೆಡ್ಡಿಗೆ ಬೀಗ ಹಾಕಣ," ಎಂದರು ಅಪ್ಪ.

ಕೊನೆಯದಾದರೆ ಜಬರ್ದಸ್ತಾಗೇ ಇರಲಿ ಎಂದು ನಾನು ಅವರಿಗೆ ಹೇಳದೆ ದಪ್ಪ ತಗಡು ಹಾಕಿದೆ. ಟೆಂಪೋಗೆ ಏರಿಸಲು ಆರು ಜನ ಬೇಕಾಯಿತು. ಅಪ್ಪ ಮುಂದೆ ಕೂತರು, ನಾನು ಹಿಂದೆ.

ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಟೆಂಪೋ ತಿರುಗಿತು, ಹಗ್ಗ ಕಿತ್ತುಹೋಯಿತು, ಬೀರು ದಢಾರನೆ ರಸ್ತೆಗೆ ಬಿತ್ತು. ಅಲ್ಲೇ ದಾರಿ ಕಾಯುತ್ತಿದ್ದ ಹೆಣ್ಣಿನ ತಂದೆ ಓಡಿ ಬಂದರು.

"ಎಂಥ ಅಪಶಕುನ ಮಾರಾಯ! ಮದ್ವೆ ಬೀರು ಬೀಳಿಸ್ಬಿಟ್ಯಲ್ಲೋ! ವಾಪಸ್ ತಗೊಂಡ್ಹೋಗು."

ಅಪ್ಪನ ಮುಖ ನೋಡಲಾಗಲಿಲ್ಲ. ನನ್ನ ಬಾಯಿಗೆ ಯಾವತ್ತೂ ಬ್ರೇಕ್ ಇರಲಿಲ್ಲ.

"ಬಿದ್ದಿದ್ದಲ್ಲ ಯಜಮಾನ್ರೇ, ಬೀಳಿಸಿದ್ದು! ಬೀಳಿಸಿ ತೋರಿಸ್ದೇ ನಾವು ಡೆಲಿವರಿ ಕೊಡಲ್ಲ."

ಅವರ ಹಿಂದೆಯೇ ಬಂದಿದ್ದ ಮದುಮಗಳ ಅಜ್ಜಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ನಾವೆಲ್ಲ ಸೇರಿ ಬೀರು ಎತ್ತಿ ನಿಲ್ಲಿಸಿದ ಮೇಲೆ ತಾವೇ ಕೀ ತಿರುಗಿಸಿದರು. ಬಾಗಿಲು ಸಲೀಸಾಗಿ ತೆರೆಯಿತು. ಆದರೆ ಅಜ್ಜಿ ನನಗಿಂತ ಕಿಲಾಡಿ.

"ಹೌದಾ? ಹಂಗಾದ್ರೆ ನನ್ ಕಣ್ಮುಂದೆ ಇನ್ನೊಂದ್ಸಲ ಬೀಳ್ಸು, ನೋಡಣ."

ಸರ್ಕಲ್ ತುಂಬ ಜನ ಸೇರಿದರು. ಬೀರನ್ನು ಮತ್ತೆ ಟೆಂಪೋ ಮೇಲೇರಿಸಿ ನೂಕಿದೆವು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಭಕ್ತಿಯಿಂದ ಎಂದು ಆಮೇಲೆ ಊರಿಗೆಲ್ಲ ಹೇಳಿದೆ. ಒಂದು ಮೂಲೆ ಚೂರು ತಗ್ಗಾಯಿತು, ಅಷ್ಟೇ. ಅಜ್ಜಿ ಮತ್ತೆ ಕೀ ತಿರುಗಿಸಿದರು. ಬಾಗಿಲು ಮತ್ತೆ ತೆರೆಯಿತು.

"ನನ್ ಮೊಮ್ಮಗಳ ಸಂಸಾರಾನೂ ಹಿಂಗೇ ಗಟ್ಟಿ ಇರ್ಲಿ. ಮನೆಗೆ ತಗೊಂಬನ್ರೋ!"

ಆ ವಾರವೇ ಮೂವರು "ಬೀಳ್ಸೋ ಬೀರು ನಿಮ್ದೇನಾ?" ಎಂದು ಕೇಳಿಕೊಂಡು ಶೆಡ್ಡಿಗೆ ಬಂದರು. ನನ್ನ ಸುಳ್ಳನ್ನು ನಿಜ ಮಾಡದೆ ಗತಿಯಿರಲಿಲ್ಲ. ಅಂದಿನಿಂದ ಪ್ರತಿಯೊಂದು ಬೀರನ್ನೂ ಗಿರಾಕಿಯ ಎದುರಿಗೇ ಬೀಳಿಸಿ, ತಗ್ಗು ತೆಗೆದು, ಆಮೇಲೆ ಬಣ್ಣ ಹೊಡೆದೆವು. ಬೆಲೆ ದುಪ್ಪಟ್ಟು ಮಾಡಿದೆ. ಅಪ್ಪ ಹೆದರಿದರು, ಗಿರಾಕಿಗಳು ಹೆದರಲಿಲ್ಲ.

ಎರಡು ಸಾವಿರ ಇಸವಿ ದಾಟುವಷ್ಟರಲ್ಲಿ ಸವಳಂಗ ರಸ್ತೆಯಲ್ಲಿ ನಮ್ಮ ಶೋರೂಮ್ ಎದ್ದಿತು. ಮೊದಲ ದಿನವೇ ಒಬ್ಬರು ಗಲ್ಲಾ ಮೇಲೆ ಕೂತಿದ್ದ ಅಪ್ಪನ ಹತ್ತಿರ ಚೌಕಾಸಿಗಿಳಿದರು.

"ಸ್ವಲ್ಪ ಕಮ್ಮಿ ಮಾಡ್ಕೊಳಿ ಸ್ವಾಮಿ."

ಅಪ್ಪ ಕನ್ನಡಕ ಇಳಿಸಿ ನೋಡಿದರು. "ಕಮ್ಮೀದು ಎದುರುಗಡೆ ಅಂಗಡೀಲಿ ಸಿಗುತ್ತೆ. ಹುಷಾರಾಗಿ ತಗೊಂಡ್ಹೋಗಿ, ಗಾಳಿ ಜೋರೈತೆ."